ನಾಲ್ಕು ಪಲ್ಲವಿ, ಒಂದು ಗಂಟಲು

ಮೊದಲು ಜಗಳ ಶುರುವಾದದ್ದು ಲಯದ ಮೇಲೆ. ಸಿಡ್ನಿಯ ಮ್ಯಾರಿಕ್‌ವಿಲ್‌ನಲ್ಲಿ ಒಂದು ಹಳೇ ಗೋದಾಮಿನ ಹಿಂಬದಿಯ ಸ್ಟುಡಿಯೊದಲ್ಲಿ ನಾನು ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದೆ. ಫೆಬ್ರವರಿ ತಿಂಗಳ ಸೆಕೆ. ಎಸಿ ಹಾಕಿದರೆ ಅದರ ಸದ್ದು ಮೈಕಿಗೆ ಬರುತ್ತದೆಂದು ಆರಿಸಿ, ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕೂತಿದ್ದೆವು. ಗಾಜಿನ ಆಚೆ ಬ್ರೆಜಿಲ್‌ನ ಹಿರಿಯ ಸಾಂಬಾ ಗಾಯಕರೊಬ್ಬರು ತಮ್ಮ ಪಂಡೇರೊ ಹಿಡಿದು ಕೂತಿದ್ದರು. ಪಂಡೇರೊ ಅಂದರೆ ನಮ್ಮ ಕಂಜಿರದ ಅಣ್ಣ ಅನ್ನಬಹುದು, ಅಗಲವಾದ ಚರ್ಮ, ಅಂಚಿನಲ್ಲಿ ತಗಡಿನ ಬಿಲ್ಲೆಗಳು. ಗಾಜಿನ ಈಚೆ ನಿರ್ಮಾಪಕ. ಸಿಡ್ನಿಯಲ್ಲೇ ಹುಟ್ಟಿ ಬೆಳೆದ, ಮೂವತ್ತರ ಆಸುಪಾಸಿನ, ಹಿಪ್‌ಹಾಪ್ ಬೀಟ್ ಕಟ್ಟುವುದರಲ್ಲಿ ಹೆಸರು ಮಾಡಿದ್ದ ಮನುಷ್ಯ. ಹಳೇ ಸಾಂಬಾಕ್ಕೆ ಹೊಸ ಹಿಪ್‌ಹಾಪ್ ಬೆಸೆಯಬೇಕು ಅನ್ನುವುದು ಅವನ ಆಸೆ.

ಆಸೆ ಒಳ್ಳೆಯದೇ. ಆದರೆ ಅವನ ಡ್ರಮ್ ಮಷೀನು ಗೆರೆ ಎಳೆದ ಹಾಗೆ ಸಮನಾಗಿ ಬಾರಿಸುತ್ತಿತ್ತು, ಗಾಯಕರ ಕೈ ಹಾಗೆ ಬಾರಿಸುತ್ತಿರಲಿಲ್ಲ. ಸಾಂಬಾದಲ್ಲಿ ಒಂದು ಎಣಿಕೆಯೊಳಗೆ ಬೀಳುವ ನಾಲ್ಕು ಪೆಟ್ಟುಗಳ ನಡುವಿನ ಅಂತರ ಒಂದೇ ಇರುವುದಿಲ್ಲ. ಕೊನೆಯ ಪೆಟ್ಟು ತುಸು ಮುಂದಕ್ಕೆ ನುಗ್ಗುತ್ತದೆ, ಅದರಿಂದಲೇ ಆ ತೂಗಾಟ. ಎರಡನ್ನೂ ಒಟ್ಟಿಗೆ ಹಾಕಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ ಆಗುತ್ತಿತ್ತು. ಗಾಯಕರ ಕಿವಿಗೆ ಹೆಡ್‌ಫೋನಿನಲ್ಲಿ ಕ್ಲಿಕ್, ಅಂದರೆ ಎಣಿಕೆ ಹೇಳುವ ಟಿಕ್ ಟಿಕ್ ಸದ್ದು, ಕೊಟ್ಟು ನೋಡಿದೆವು. ಅರ್ಧ ಹಾಡಿಗೇ ಅವರು ಅದನ್ನು ಕಿತ್ತು ಪಕ್ಕಕ್ಕಿಟ್ಟರು.

ಕೊನೆಗೆ ಮಷೀನನ್ನೇ ಬಗ್ಗಿಸಿದೆವು. ಪಂಡೇರೊವನ್ನು ಹಾಡಿನ ಉದ್ದಕ್ಕೂ ಒಂದೇ ಉಸಿರಿಗೆ, ಕ್ಲಿಕ್ ಇಲ್ಲದೆ ಬಾರಿಸಲು ಗಾಯಕರಿಗೆ ಹೇಳಿ, ಅವರ ಒಂದೊಂದು ಪೆಟ್ಟು ಎಲ್ಲಿ ಬಿತ್ತೆಂದು ಕಂಪ್ಯೂಟರಿನಲ್ಲಿ ಗುರುತು ಹಾಕಿ, ಬೀಟಿನ ಪೆಟ್ಟುಗಳನ್ನು ಅಲ್ಲಲ್ಲಿಗೆ ಸರಿಸಿ ಕೂರಿಸಿದೆ. ಕಣ್ಣು ನೋಯುವ ಕೆಲಸ. ಆದರೆ ಮುಗಿದ ದಿನ ಬೀಟು ಮುದುಕರ ಹಿಂದೆ ಹಿಂದೆಯೇ ನಡೆಯುತ್ತಿತ್ತು, ನಿರ್ಮಾಪಕ ನನ್ನ ಬೆನ್ನು ತಟ್ಟಿದ.

ಎರಡನೇ ಜಗಳ ಪಲ್ಲವಿಯದ್ದು. ಈ ಬರಹವೆಲ್ಲ ಅದರ ಸುತ್ತಲೇ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಆರಿಸಿಕೊಂಡದ್ದು ಒಂದು ಹಳೇ ಬಗೆಯ ಸಾಂಬಾ. ಸುತ್ತ ಕೂತವರ ನಡುವೆ ಪಲ್ಲವಿ ಆಗುತ್ತದೆ, ಆಮೇಲೆ ಒಬ್ಬ ಎದ್ದು ಆಶುವಾಗಿ ಒಂದು ಚರಣ ಕಟ್ಟುತ್ತಾನೆ, ಮತ್ತೆ ಪಲ್ಲವಿ, ಮತ್ತೆ ಇನ್ನೊಬ್ಬನ ಚರಣ. ಕಾರ್ಕಳದ ಕಡೆಯವನಾದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅದರ ಮೇಲೆ ಮಾತು ಕಟ್ಟುತ್ತಾನೆ, ಅವನು ಕಟ್ಟಿದ್ದನ್ನು ಕೇಳಿಸಿಕೊಂಡೇ ಭಾಗವತರು ಮುಂದಿನ ಪದ ಎತ್ತುತ್ತಾರೆ. ಕೇಳಿಸಿಕೊಳ್ಳದ ಭಾಗವತನಿಗೆ ನಮ್ಮೂರಲ್ಲಿ ಮರ್ಯಾದೆಯಿಲ್ಲ.

ಚರಣಗಳ ಜಾಗದಲ್ಲಿ ಮೂವರು ಅತಿಥಿ ರ‍್ಯಾಪರ್‌ಗಳನ್ನು ಕೂರಿಸುವುದು ನಿರ್ಮಾಪಕನ ಯೋಜನೆ. ಒಬ್ಬಳು ಮೆಲ್ಬರ್ನ್‌ನವಳು, ಇಬ್ಬರು ಸಿಡ್ನಿಯವರು. ಮೊದಲು ಒಂದು ಪಲ್ಲವಿ, ಮೂವರ ಚರಣಗಳ ನಂತರ ಒಂದೊಂದು ಪಲ್ಲವಿ, ಒಟ್ಟು ನಾಲ್ಕು. ಅದಕ್ಕೆ ಅವನು ಕೇಳಿದ್ದು ಎಲ್ಲರೂ ಕೇಳುವುದನ್ನೇ.

"ಪಲ್ಲವಿ ಒಂದ್ಸಲ ಚೆನ್ನಾಗಿ ಹಾಡಿಬಿಡಿ. ಮಿಕ್ಕಿದ ಕಡೆ ನಾವು ಕಾಪಿ ಮಾಡ್ಕೋತೀವಿ."

ಗಾಯಕರು ಅವನನ್ನು ಒಂದು ಗಳಿಗೆ ನೋಡಿದರು. "ನಿನ್ನ ಹೆಂಡತಿ 'ಊಟಕ್ಕೆ ಬಾ' ಅಂದಿದ್ದನ್ನ ಒಂದ್ಸಲ ರೆಕಾರ್ಡ್ ಮಾಡಿಟ್ಕೊಂಡು ದಿನಾ ಅದನ್ನೇ ಹಾಕಿ ಕೇಳ್ತೀಯಾ? ಆ ಹುಡುಗಿ ಏನು ಹೇಳ್ತಾಳೋ ಗೊತ್ತಿಲ್ಲದೆ ನಾನು ಹೇಗೆ ಉತ್ತರ ಹಾಡಲಿ?"

ಹಾಗಾಗಿ ಒಪ್ಪಂದ ಆಯಿತು. ಅತಿಥಿಯ ಚರಣ ಬರಬೇಕು, ಅದನ್ನು ಕೇಳಿ ಅವರು ಮುಂದಿನ ಪಲ್ಲವಿ ಹಾಡಬೇಕು, ಅದನ್ನು ಮುಂದಿನ ಅತಿಥಿಗೆ ಕಳಿಸಬೇಕು. ಮೊದಲ ಪಲ್ಲವಿ ಅದೇ ವಾರ ಆಯಿತು. ಅರವತ್ತು ದಾಟಿದ ಗಂಟಲು ಅದು, ಆದರೆ ಮೇಲಿನ ಸ್ವರಕ್ಕೆ ಹತ್ತುವಾಗ ಮೆಟ್ಟಿಲು ಹತ್ತುವ ಹುಡುಗನ ಹಾಗಿತ್ತು. ಹಾಡುವ ಮೊದಲು ಅವರು ಎದೆ ತುಂಬ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು, ಅದು ಮೈಕಿಗೆ ಬೀಸಣಿಗೆ ಬೀಸಿದಂತೆ ಕೇಳುತ್ತಿತ್ತು. ಅದನ್ನು ಆಮೇಲೆ ಕತ್ತರಿಸಬೇಕೆಂದು ಗುರುತು ಹಾಕಿಕೊಂಡೆ.

ಆಗ ಇಂಟರ್‌ನೆಟ್ಟಿನಲ್ಲಿ ಇಷ್ಟು ದೊಡ್ಡ ಫೈಲು ಕಳಿಸುವುದು ಕನಸಿನ ಮಾತು. ಡಿವಿಡಿಗೆ ಹಾಕಿ ಪೋಸ್ಟ್ ಮಾಡಿದೆವು. ಮೆಲ್ಬರ್ನ್‌ನವಳು ಊರೂರು ತಿರುಗುತ್ತ ಶೋ ಕೊಡುತ್ತಿದ್ದಳು, ಅವಳ ಚರಣ ಬಂದಾಗ ಏಪ್ರಿಲ್. ಗಾಯಕರು ಬಂದು ಎರಡನೇ ಪಲ್ಲವಿ ಹಾಡಿದರು. ಸ್ವಲ್ಪ ಗಡಸು ಅನ್ನಿಸಿತು. ನೆಗಡಿ ಅಂದರು. ಎರಡನೇ ಅತಿಥಿ ಜೂನ್‌ನಲ್ಲಿ ಮುಗಿಸಿದ, ಮೂರನೇ ಪಲ್ಲವಿ ಆಯಿತು. ಈ ಸಲ ದನಿ ಗೀರುತ್ತಿತ್ತು. ನಿರ್ಮಾಪಕನಿಗೆ ಹಬ್ಬ.

"ಇದೇ ಬೇಕಾಗಿದ್ದು. ಹಿಪ್‌ಹಾಪ್‌ಗೆ ಈ ಒರಟುತನಾನೇ ಬೇಕು. ಇನ್ನೂ ಸ್ವಲ್ಪ ಗೀರಿ ಹಾಡ್ತೀರಾ?" ಎಂದ.

ಗಾಯಕರು ನಕ್ಕು, ಇನ್ನೂ ಸ್ವಲ್ಪ ಗೀರಿ ಹಾಡಿದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟರು. 

ಮೂರನೇ ಅತಿಥಿಯ ದಾರಿ ಕಾಯುತ್ತ ಜುಲೈನಲ್ಲಿ ನಾನು ಇದ್ದಷ್ಟನ್ನು ಮಿಕ್ಸ್ ಮಾಡಲು ಕೂತೆ. ಮೊದಲ ಕೆಲಸ, ಮೂರು ಪಲ್ಲವಿಗಳೂ ಒಂದೇ ಕೋಣೆಯಲ್ಲಿ ಒಂದೇ ದಿನ ಹಾಡಿದಂತೆ ಕೇಳಿಸಬೇಕು. ಇದೇನೂ ದೊಡ್ಡ ವಿದ್ಯೆಯಲ್ಲ. ಮೈಕಿನ ದೂರ ಬದಲಾಗಿದ್ದರೆ ಕೆಳಗಿನ ಸ್ವರಗಳ ಸದ್ದು ತಗ್ಗಿಸು, ದನಿ ಮಂಕಾಗಿದ್ದರೆ ಮೇಲಿನದನ್ನು ಎತ್ತು, ಮಟ್ಟ ಸಮ ಮಾಡು. ಮಾಡಿದೆ. ಹೊಲಿಗೆ ಕೂಡಲಿಲ್ಲ. ಮೇಲಿನದನ್ನು ಎತ್ತಿದರೆ ಜೂನ್ ಪಲ್ಲವಿಯಲ್ಲಿ ದನಿ ಬರುವ ಬದಲು ಗಾಳಿ ಬರುತ್ತಿತ್ತು. ಎತ್ತಲು ಅಲ್ಲಿ ದನಿಯೇ ಇರಲಿಲ್ಲ. ಮೈಕ್ ಕೆಟ್ಟಿರಬಹುದೆಂದು ಅದನ್ನು ಬಿಚ್ಚಿ ನೋಡಿದೆ. ವೈರು ಬದಲಾಯಿಸಿ ನಾನೇ ಹಾಡಿ ನೋಡಿದೆ. ಮೈಕ್ ಸರಿಯಾಗಿಯೇ ಇತ್ತು.

ಸಿಡಿ ಮಾಡಿಕೊಂಡು ಮನೆಗೆ ತಂದು ಅಡುಗೆಮನೆಯ ಸ್ಟೀರಿಯೊದಲ್ಲಿ ಹಾಕಿದೆ. ಸಾಧಾರಣ ಸ್ಪೀಕರಿನಲ್ಲಿ ಕೇಳುವುದು ನಮ್ಮ ಕಸುಬಿನ ರೂಢಿ. ನನ್ನ ಹೆಂಡತಿ ಮೈಸೂರಿನವಳು, ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾಳೆ, ನನ್ನ ಸಂಗೀತದ ತಂಟೆಗೆ ಬರುವವಳಲ್ಲ. ಬೀನ್ಸ್ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಇದು ಇಬ್ರು ಹಾಡಿರೋದಾ? ಮೊದಲ್ನೇದು ಮಗ, ಕೊನೇದು ಅಪ್ಪನಾ?"

"ಇಲ್ಲ, ಒಬ್ರೇ. ಮಧ್ಯ ನಾಲ್ಕು ತಿಂಗಳು ಗ್ಯಾಪ್ ಅಷ್ಟೇ."

"ನಾಲ್ಕು ತಿಂಗಳಲ್ಲಿ ಇಷ್ಟು ವಯಸ್ಸಾಯ್ತಾ? ಡಾಕ್ಟರ್ ಹತ್ರ ಹೋಗಿದ್ದಾರಾ ಅವರು?"

ಎರಡು ತಿಂಗಳಿಗೊಮ್ಮೆ ಕೇಳುವವರಿಗೆ ಗೊತ್ತಾಗದ್ದು, ಒಟ್ಟಿಗೆ ಕೇಳಿದವಳಿಗೆ ಒಂದೇ ಸಲಕ್ಕೆ ಗೊತ್ತಾಯಿತು. ಮರುದಿನ ನಿರ್ಮಾಪಕನಿಗೆ ಹೇಳಿದೆ. ಅವನು ಕೆಟ್ಟವನಲ್ಲ, ಹೆದರಿದ್ದ. "ವಯಸ್ಸಾದವರ ಗಂಟಲು ಹಾಗೇ ಇರುತ್ತೆ. ಇನ್ನೊಂದು ಪಲ್ಲವಿ ಇದೆ, ಅದು ಮುಗೀಲಿ. ಸುಮ್ನೆ ಅವರನ್ನ ಹೆದರಿಸಬೇಡ. ನೀನೇನು ಡಾಕ್ಟರಾ?" ಎಂದ. ಡಾಕ್ಟರ್ ಅಲ್ಲ, ನಿಜ. ಹೇಳಿದರೆ ಒಂದು ಕಷ್ಟ, ಬಿಟ್ಟರೆ ಇನ್ನೊಂದು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ಎರಡು ದಿನ ಓಡಾಡಿದೆ. ಆಮೇಲೆ ಗಾಯಕರ ಮನೆಗೆ ಫೋನ್ ಮಾಡಿ, ಮಿಕ್ಸ್ ಕೇಳಲು ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದೆ. ನಿರ್ಮಾಪಕನಿಗೆ ತಿಳಿಸಲಿಲ್ಲ.

ಬಂದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿಕೊಂಡು ಹೋಗಿದ್ದೆ, ಅದನ್ನೆಲ್ಲ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಬೀಟು ತೆಗೆದೆ, ಪಂಡೇರೊ ತೆಗೆದೆ, ರ‍್ಯಾಪರ್‌ಗಳ ಚರಣ ತೆಗೆದೆ. ಬರೀ ಮೂರು ಪಲ್ಲವಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಜೋಡಿಸಿ ಹಾಕಿದೆ. ಫೆಬ್ರವರಿ, ಏಪ್ರಿಲ್, ಜೂನ್.

ಮುಗಿದ ಮೇಲೆ ಅವರು ಕೇಳಿದರು, "ಮೈಕ್ ಬದಲಾಯಿಸಿದ್ಯಾ ಮಗಾ?"

"ಇಲ್ಲ."

"ಮೂರಕ್ಕೂ ಇದೇ ಮೈಕಾ?"

"ಇದೇ. ಇದೇ ಜಾಗ, ಇದೇ ವೈರು. ನಾನು ಎಲ್ಲ ಚೆಕ್ ಮಾಡಿದೆ."

ಅವರ ಹೆಂಡತಿ ಎದ್ದು ಹೊರಗೆ ಹೋದರು. ಗಾಯಕರು "ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬೆರಳಲ್ಲಿ ಮೆಲ್ಲಗೆ ತಾಳ ಕುಟ್ಟುತ್ತ ಕೇಳಿದರು. ಅವರ ಕಡೆ ಹಾಡುಗಾರರು ಕೈಗೆ ವಾದ್ಯ ಸಿಗದಾಗ ಬೆಂಕಿಪೊಟ್ಟಣವನ್ನೇ ಹೀಗೆ ಕುಟ್ಟುತ್ತಾರಂತೆ. ಮೂರನೆಯದು ಬಂದಾಗ ಕೈ ನಿಂತಿತು.

ಆಮೇಲಿನದು ಬೇಗ ಬೇಗ ಆಯಿತು. ಮೊದಲು ಮಾಮೂಲಿ ಡಾಕ್ಟರು, ಅಲ್ಲಿಂದ ಸ್ಪೆಷಲಿಸ್ಟು, ಗಂಟಲಿಗೆ ಕ್ಯಾಮೆರಾ, ಒಂದು ಚೂರು ತೆಗೆದು ಟೆಸ್ಟು. ಕ್ಯಾನ್ಸರ್ ಎಷ್ಟು ದೂರ ಹೋಗಿತ್ತೆಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ನಿರ್ಮಾಪಕ ಸುದ್ದಿ ಕೇಳಿ ಸ್ಟುಡಿಯೊದ ಮೆಟ್ಟಿಲ ಮೇಲೆ ಕೂತು ಅತ್ತ. "ಇನ್ನೂ ಗೀರಿ ಹಾಡಿ ಅಂದೆನಲ್ಲ" ಎಂದು ಅದೊಂದನ್ನೇ ಹೇಳುತ್ತಿದ್ದ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಆಪರೇಷನ್‌ಗೆ ಮೊದಲು ನಾಲ್ಕನೇ ಪಲ್ಲವಿ ಹಾಡಿಯೇ ಸಿದ್ಧ ಅಂತ ಗಾಯಕರು ಹಟ ಹಿಡಿದರು. ಬೇಡ, ಮೊದಲನೆಯದನ್ನೇ ಅಲ್ಲಿ ಹಾಕೋಣ ಎಂದು ನಿರ್ಮಾಪಕ ಕೈಮುಗಿಯುವ ಹಾಗೆ ಕೇಳಿಕೊಂಡ. ಈಗ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಯಕರು ಮೂರನೇ ಅತಿಥಿಯ ಚರಣವನ್ನು ಅವಸರದಲ್ಲಿ ತರಿಸಿ, ಹೆಡ್‌ಫೋನಿನಲ್ಲಿ ಕೇಳಿ, ತಲೆದೂಗಿ, ಮೈಕಿನ ಮುಂದೆ ಕೂತರು. ಎದೆ ತುಂಬ ಉಸಿರು ಎಳೆಯಲು ಹೋಗಿ ಕೆಮ್ಮಿದರು. ಎರಡನೇ ಸಲಕ್ಕೆ ಹಾಡಿದರು. ಕೆಳಗಿನ ಸ್ವರಗಳು ಪಿಸುಮಾತಿನ ಹಾಗೆ ಬಂದವು, ಮೇಲಿನ ಸ್ವರ ಬರಲೇ ಇಲ್ಲ. ಆ ಜಾಗದಲ್ಲಿ ಬಾಯಿ ತೆರೆದಿತ್ತು, ಗಾಳಿ ಮಾತ್ರ ಹೋಗುತ್ತಿತ್ತು. ಆದರೂ ಪದ ಬಿಡದೆ ಕೊನೆಯವರೆಗೆ ಹೇಳಿದರು.

"ಬಂತಾ?" ಎಂದರು ಗಾಜಿನ ಆಚೆಯಿಂದ.

"ಬಂತು" ಎಂದೆ.

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಸಿಡ್ನಿಯ ವಸಂತ ಕಾಲದಲ್ಲಿ, ಅಕ್ಟೋಬರ್‌ನಲ್ಲಿ, ಹಾಡನ್ನು ಕೊನೆಗೂ ಜೋಡಿಸಿದೆವು. ಮೊದಲಿನಿಂದ ಕೇಳಿದರೆ ಒಬ್ಬ ಮನುಷ್ಯ ಪಲ್ಲವಿಯಿಂದ ಪಲ್ಲವಿಗೆ ಮುಳುಗುತ್ತಿದ್ದ. ಸುತ್ತ ಯುವಕರು ಹುರುಪಿನಲ್ಲಿ ರ‍್ಯಾಪ್ ಮಾಡುತ್ತಿದ್ದರು, ಬೀಟು ಕುಣಿಯುತ್ತಿತ್ತು, ನಡುವೆ ಇವರು ಸಾಯುತ್ತಿದ್ದರು. ಇದನ್ನು ಹೊರಗೆ ಬಿಡಬಾರದು, ಫೆಬ್ರವರಿಯದ್ದನ್ನೇ ನಾಲ್ಕು ಕಡೆ ಅಂಟಿಸೋಣ ಎಂದ ನಿರ್ಮಾಪಕ. ಅವರು ಬೇಡ ಅಂದದ್ದನ್ನೇ ಅವರ ದನಿ ಹೋದ ಮೇಲೆ ಮಾಡುವುದೇ ಎಂದು ನಾನು ರೇಗಿದೆ. ಇದ್ದದ್ದು ಇದ್ದ ಹಾಗೆ ಹೋಗಲಿ ಎಂದೆ. ಇಬ್ಬರೂ ಒಂದು ವಾರ ಮಾತು ಬಿಟ್ಟೆವು. ಆಮೇಲೆ, ಕೇಳಬೇಕಾದವರನ್ನೇ ಕೇಳೋಣ ಎಂದು ಗಾಯಕರನ್ನು ಕರೆಸಿದೆವು.

ಆಪರೇಷನ್ ಆದ ಮೇಲೆ ಅವರು ತೆಳ್ಳಗಾಗಿದ್ದರು. ಕತ್ತಿನ ಬುಡದಲ್ಲಿ ಈಗ ಉಸಿರಾಡಲು ಒಂದು ರಂಧ್ರ, ಅದರ ಮೇಲೊಂದು ಬಟ್ಟೆ. ಬರೀ ತುಟಿ ಆಡಿಸುತ್ತಿದ್ದರು, ಹೆಂಡತಿ ಅದನ್ನು ನೋಡಿ ನಮಗೆ ಹೇಳುತ್ತಿದ್ದರು. ಹಾಡು ಪೂರ್ತಿ ಕೇಳಿದರು. ನಾವಿಬ್ಬರೂ ನಮ್ಮ ನಮ್ಮ ವಾದ ಹೇಳಿದೆವು. ಅವರು ಎರಡಕ್ಕೂ ತಲೆ ಅಲ್ಲಾಡಿಸಿದರು. ಎದ್ದು ಬಂದು ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕನೇ ಪಲ್ಲವಿಯ ಪಟ್ಟಿಗೆ ಬೆರಳಿಟ್ಟು, ಬೆರಳನ್ನು ಹಾಡಿನ ಮೊದಲಿನ ತನಕ ಎಳೆದು ತೋರಿಸಿದರು. ಆಮೇಲೆ ಮೊದಲನೆಯದಕ್ಕೆ ಬೆರಳಿಟ್ಟು ಕೊನೆಗೆ ಎಳೆದರು.

"ಹಿಂದುಮುಂದು ಮಾಡ್ಬೇಕಂತೆ" ಎಂದರು ಹೆಂಡತಿ. "ಪೂರ್ತಿ."

"ಯಾಕೆ?" ಎಂದ ನಿರ್ಮಾಪಕ.

ಗಾಯಕರು ತುಟಿ ಆಡಿಸಿದರು. ಹೆಂಡತಿ ಅವರ ಕತ್ತಿನ ಬಟ್ಟೆ ಸರಿಮಾಡಿದರು.  ಆಮೇಲೆ ಹೇಳಿದರು, "ಹಾಡು ಮುಗಿಯೋ ಹೊತ್ತಿಗೆ ನಾನು ಹುಷಾರಾಗಿರ್ಬೇಕು ಅಂತಿದ್ದಾರೆ. ಯಾಕೆ ಹೀಗೆ ಮಾಡಿದ್ದು ಅಂತ ಯಾರಿಗೂ ಹೇಳ್ಬಾರದಂತೆ."

ಹೇಳುವುದು ಸುಲಭ, ಮಾಡುವುದು ಹಾಗಲ್ಲ. ಕ್ಲಿಕ್ ಇಲ್ಲದೆ ಬಾರಿಸಿದ ಪಂಡೇರೊ ಹಾಡು ಸಾಗಿದಂತೆ ತುಸು ತುಸುವೇ ವೇಗ ಏರಿಸಿಕೊಂಡಿತ್ತು. ಕೊನೆಯ ಪಲ್ಲವಿಯನ್ನು ಮೊದಲಿಗೆ ತಂದರೆ ಕಾಲು ತಪ್ಪುತ್ತಿತ್ತು. ದನಿಯನ್ನು ಕಂಪ್ಯೂಟರಿನಲ್ಲಿ ಎಳೆದು ಉದ್ದ ಮಾಡಿದೆ, ಆ ಒಡಕು ದನಿ ತಗಡಿನ ಹಾಗೆ ಕೇಳಿಸಿತು, ಬಿಟ್ಟೆ. ಕೊನೆಗೆ ಪಲ್ಲವಿಯ ಜೊತೆಗೇ ಅದರ ಕೆಳಗಿನ ಪಂಡೇರೊವನ್ನೂ ಕತ್ತರಿಸಿ ಒಟ್ಟಿಗೆ ಸಾಗಿಸಿದೆ. ಕೂಡು ಜಾಗಗಳಲ್ಲಿ ಬಿರುಕು ಬಿಟ್ಟಿತು. ಆ ಬಿರುಕುಗಳಿಗೆ ಗಾಯಕರೇ ಮತ್ತೆ ಪಂಡೇರೊ ಹಿಡಿದು ಕೂತರು. ಗಂಟಲು ಹೋಗಿದ್ದರೂ ಕೈ ಹೋಗಿರಲಿಲ್ಲ. ಬೇಗ ದಣಿಯುತ್ತಿದ್ದರು, ಕತ್ತಿನಿಂದ ಬರುವ ಉಸಿರಿನ ಸದ್ದು ಮೈಕಿಗೆ ಬೀಳುತ್ತಿತ್ತು. ಅದನ್ನು ನಾನು ತೆಗೆಯಲು ಹೋಗಲಿಲ್ಲ.

ಚರಣಗಳದ್ದು ಇನ್ನೊಂದು ತೊಡಕು. ಮೂರನೇ ಅತಿಥಿ ತನ್ನ ಚರಣದಲ್ಲಿ ಹಿಂದಿನ ಇಬ್ಬರಿಗೂ ಉತ್ತರ ಕೊಟ್ಟಿದ್ದ, ಈಗ ಅವನೇ ಮೊದಲಿಗ. ಅವನು ಸಿಡ್ನಿಯವನು, ಒಂದು ಮಧ್ಯಾಹ್ನ ಬಂದು ಬದಲಾಯಿಸಿಕೊಟ್ಟ. ನಡುವಿನವನದು ಇದ್ದಲ್ಲೇ ಉಳಿಯಿತು. ಕಷ್ಟ ಇದ್ದದ್ದು ಮೆಲ್ಬರ್ನ್‌ನವಳದ್ದು. ಬಾಗಿಲು ತೆಗೆಯಿರಿ, ನಾನು ಬಂದೆ ಎಂದು ಶುರುವಾಗುವ ಚರಣ ಅವಳದು. ಹಾಡಿನ ಕೊನೆಯಲ್ಲಿ ಬಂದು ಬಾಗಿಲು ತಟ್ಟಿದರೆ ಯಾರು ತೆಗೆಯುತ್ತಾರೆ? ಫೋನಿನಲ್ಲಿ ಅವಳು ಖಡಾಖಂಡಿತವಾಗಿ ಆಗುವುದಿಲ್ಲ ಎಂದಳು. ಹಾರ್ಡ್‌ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ನಾನೇ ವಿಮಾನ ಹತ್ತಿದೆ.

ಮೆಲ್ಬರ್ನ್‌ನ ಫುಟ್ಸ್‌ಕ್ರೇಯಲ್ಲಿ ಅವಳ ಅಮ್ಮನ ಮನೆ ಹಿಂದಿನ ಗ್ಯಾರೇಜಿನಲ್ಲಿ ಅವಳ ಮೈಕು. ಗೋಡೆಗೆ ಹಳೇ ಹಾಸಿಗೆಗಳನ್ನು ಆನಿಸಿದ್ದಳು. ಕೂರಿಸಿ, ಟೀ ಕೊಟ್ಟು, ನೇರವಾಗಿಯೇ ಕೇಳಿದಳು.

"ನಾನು ಫಸ್ಟ್ ಬಂದವಳು. ನನ್ನನ್ನ ಯಾಕೆ ಲಾಸ್ಟ್‌ಗೆ ತಳ್ಳಿದ್ರಿ? ಸಿಡ್ನಿಯವರು ಸಿಡ್ನಿಯವರಿಗೇ ಮಣೆ ಹಾಕ್ತೀರಾ?"

"ಹಾಗೇನಿಲ್ಲ. ಕೊನೆಯ ಜಾಗ ದೊಡ್ಡದು."

"ಕಥೆ ಹೇಳ್ಬೇಡಿ. ನಿಜ ಕಾರಣ ಏನು?"

"ಹೇಳೋ ಹಾಗಿಲ್ಲ. ಒಂದ್ಸಲ ಕೇಳಿ, ಆಮೇಲೂ ಬೇಡ ಅಂದ್ರೆ ನಾನು ವಾಪಸ್ ಹೋಗ್ತೀನಿ."

ಹೆಡ್‌ಫೋನ್ ಹಾಕಿಕೊಂಡಳು. ನಾಲ್ಕನೇ ಪಲ್ಲವಿ, ಅಂದರೆ ಈಗಿನ ಮೊದಲನೆಯದು, ಮುಗಿಯುತ್ತಿದ್ದಂತೆ ಕೈ ಎತ್ತಿ ನಿಲ್ಲಿಸಲು ಹೇಳಿದಳು.

"ಇದು ಯಾವಾಗ ಹಾಡಿದ್ದು?"

"ಆಗಸ್ಟ್."

"ನನಗೆ ಕಳಿಸಿದ್ದು ಫೆಬ್ರವರಿದು." ನನ್ನ ಮುಖ ನೋಡಿದಳು. ನಾನು ಟೀ ಲೋಟ ನೋಡುತ್ತಿದ್ದೆ. "ಈಗ ಹಾಡ್ತಾರಾ ಅವರು?"

ನಾನು ಮಿಕ್ಕದ್ದನ್ನು ಹಾಕಿದೆ.  ಹಾಡನ್ನು ಕೊನೆಯವರೆಗೆ ಕೇಳಿ, ನನ್ನನ್ನು ಅಮ್ಮನ ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಸಂಜೆ ಕರೆದಾಗ ಹೊಸ ಚರಣ ಸಿದ್ಧವಿತ್ತು. ಒಂದೇ ಟೇಕಿನಲ್ಲಿ ಹೇಳಿದಳು. ಆದರೆ ಎರಡು ಎಣಿಕೆ ಮೊದಲೇ ನಿಲ್ಲಿಸಿಬಿಟ್ಟಳು.

"ಬೇಗ ಮುಗೀತು. ಜಾಗ ಖಾಲಿ ಉಳೀತಲ್ಲ" ಎಂದೆ.

"ಗೊತ್ತು. ಅಲ್ಲಿ ಅವರು ಉಸಿರು ಎಳ್ಕೊಳ್ತಾರೆ ನೋಡಿ, ಹಾಡೋಕೆ ಮುಂಚೆ. ಅದು ಕೇಳಿಸ್ಬೇಕು. ನೀವು ಎಂಜಿನಿಯರ್‌ಗಳು ಉಸಿರೆಲ್ಲ ಕತ್ತರಿಸ್ತೀರಿ. ಅದೊಂದನ್ನ ಮುಟ್ಟಬೇಡಿ."

ಫೆಬ್ರವರಿಯಲ್ಲಿ ನಾನು ಹಾಕಿಕೊಂಡಿದ್ದ ಗುರುತು ಇನ್ನೂ ಅಲ್ಲೇ ಇತ್ತು, ಇದನ್ನು ಕತ್ತರಿಸು ಅಂತ. ಅಳಿಸಿ ಹಾಕಿದೆ.

ಗಾಯಕರು ಮುಗಿದ ಹಾಡನ್ನು ಮನೆಯಲ್ಲಿ ಕೇಳಿದರಂತೆ. ಕೊನೆಯ ಪಲ್ಲವಿಗೆ ಮೊದಲು ಆ ಉಸಿರು ಬಂದಾಗ ಕತ್ತಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡರು ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ಮುಂದಿನ ಚಳಿಗಾಲ ಅವರು ನೋಡಲಿಲ್ಲ.

ಸಿಡಿ ಹೇಳಿಕೊಳ್ಳುವಂತೇನೂ ಮಾರಾಟವಾಗಲಿಲ್ಲ. ಕೆಲವು ವರ್ಷಗಳ ಮೇಲೆ ಸಿಡ್ನಿಯ ಹೊಸ ಬಡಾವಣೆ ದಿ ಪಾಂಡ್ಸ್‌ನಲ್ಲಿ ನಮ್ಮ ಕಡೆಯವರೊಬ್ಬರ ಗೃಹಪ್ರವೇಶ ಇತ್ತು. ಹೊಸ ಬಣ್ಣದ ವಾಸನೆ, ಚಿತ್ರಾನ್ನ, ಎಲ್ಲರ ಬಾಯಲ್ಲೂ ಮಾರ್ಟ್‌ಗೇಜ್ ಮಾತು. ಮನೆಯವರ ಹೊಸ ಸ್ಟೀರಿಯೊದಲ್ಲಿ ಯಾರೋ ನಮ್ಮ ಸಿಡಿ ಹಾಕಿದರು, ನಾನು ಕೆಲಸ ಮಾಡಿದ್ದೆಂದು ನನ್ನ ಮೇಲಿನ ಗೌರವಕ್ಕೆ. ಮೊದಲ ಪಲ್ಲವಿ ಗೊರಗೊರ ಎಂದು ಬಂದಾಗ ಕೆಲವರು ಮುಖ ಮುಖ ನೋಡಿಕೊಂಡರು. ಹಾಡು ಸಾಗಿತು. ಮೆಲ್ಬರ್ನ್‌ನವಳು ನಿಲ್ಲಿಸಿದಳು, ಉಸಿರು ಬಂತು, ಆಮೇಲೆ ಆ ದನಿ ಮೇಲಿನ ಸ್ವರಕ್ಕೆ ಹತ್ತಿ ಮನೆ ತುಂಬಿಕೊಂಡಿತು. 

ನನ್ನ ಪಕ್ಕ ಕೂತಿದ್ದ ಅಂಕಲ್ ಒಬ್ಬರು ತಟ್ಟೆ ಕೆಳಗಿಟ್ಟು, "ಮುದುಕನಿಗೆ ಗಂಟಲು ಬಿಸಿಯಾಗೋಕೆ ಸ್ವಲ್ಪ ಟೈಮ್ ಬೇಕು ಕಣ್ರೀ, ಆಮೇಲೆ ನೋಡಿ ಹೆಂಗೆ ಹಾಡ್ತಾನೆ" ಎಂದರು.

ಎದುರಿಗೆ ನಿಂತಿದ್ದ ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಹೌದು ಅಂಕಲ್" ಎಂದೆ. "ಶುರುವಿನಲ್ಲಿ ಸ್ವಲ್ಪ ಕಷ್ಟ ಆಗ್ತಿತ್ತು ಅವರಿಗೆ."